ಬೋರ್ಡಿನಲ್ಲಿ ಬರೆಯದ ಮಾತು

ಕೊಡ್ಲಿಪೇಟೆಯಲ್ಲಿ ನನಗೆ ಪರಿಚಯದ ಹಿರಿಯರೊಬ್ಬರ ಸಣ್ಣ ಅಂಗಡಿಯಿದೆ. ಜೇನುತುಪ್ಪ, ಕರಿಮೆಣಸು, ಏಲಕ್ಕಿ, ಮನೆಯಲ್ಲೇ ಹುರಿದ ಕಾಫಿಪುಡಿ, ಇಷ್ಟೇ ಅಲ್ಲಿನ ಸರಕು. ಬಾಗಿಲ ಮೇಲೆ 'ಶುದ್ಧ ಕೊಡಗು ಜೇನುತುಪ್ಪ ಇಲ್ಲಿ ದೊರೆಯುತ್ತದೆ' ಎಂಬ ಬೋರ್ಡು. ಒಂದು ಸಂಜೆ ನಾನು ಅಲ್ಲಿ ಕುಳಿತಿದ್ದಾಗ ಯುವಕನೊಬ್ಬ ಬೈಕ್ ನಿಲ್ಲಿಸಿ ಒಳಗೆ ಬಂದ.

"ಕಾಕ, ಒಂದು ಬಾಟ್ಲಿ ಒಳ್ಳೆ ಜೇನು ಕೊಡಿ. ಮನೇಲಿ ಮಗು ಆಗಿದೆ. ನಾಲಿಗೆಗೆ ಹಚ್ಚಬೇಕು ಅಂತ ಅಮ್ಮ ಹೇಳಿ ಕಳಿಸಿದ್ದಾರೆ."

"ಎಷ್ಟು ದಿನದ ಮಗು?"

"ಹನ್ನೊಂದು ದಿನ."

ಬಾಟಲಿಯತ್ತ ಹೋಗಿದ್ದ ಹಿರಿಯರ ಕೈ ಹಿಂದೆ ಬಂತು. "ಹಾಗಾದ್ರೆ ಬೇಡ ಮಗಾ. ವರ್ಷ ತುಂಬೋವರೆಗೆ ಮಗೂಗೆ ಜೇನು ಕೊಡಬಾರದು. ಬೇಕಿದ್ರೆ ಡಾಕ್ಟರ್ ಹತ್ರ ಕೇಳಿ ನೋಡು. ದೊಡ್ಡವರಿಗೆ ಬೇಕಾದ್ರೆ ತಗೊಂಡು ಹೋಗು."

"ಯಾಕೆ ಕಾಕ, ನಿಮ್ಮದು ಶುದ್ಧ ಅಲ್ವಾ?"

"ಶುದ್ಧಾನೇ. ಶುದ್ಧ ಆದ್ರೂ ಕೊಡಬಾರದು."

ಯುವಕ ಅನುಮಾನದಿಂದಲೇ ಹೊರಟುಹೋದ. ಏನನ್ನೂ ಕೊಳ್ಳಲಿಲ್ಲ. ಮುಂದಿನ ಅಂಗಡಿಯಲ್ಲಿ ಕೊಂಡನೋ ಏನೋ. ಗಲ್ಲಾಪೆಟ್ಟಿಗೆಯ ಬಳಿ ಕುಳಿತಿದ್ದ ಹಿರಿಯರ ಮಗ ಅಷ್ಟು ಹೊತ್ತು ಸುಮ್ಮನಿದ್ದವನು ಈಗ ಬಾಯಿ ತೆರೆದ. "ಅವನು ಕೇಳಿದ್ದು ಜೇನು. ನೀವು ಕೊಟ್ಟಿದ್ದು ಪಾಠ. ಅಂಗಡಿ ಇಟ್ಟಿರೋದು ಯಾಕೆ ಅಂತ ಮರೆತುಬಿಡ್ತೀರಿ."

ಹಿರಿಯರು ಹೇಳಿದ್ದು ಸರಿಯೇ. ಜೇನಿನಲ್ಲಿ ಬೊಟುಲಿಸಂ ಎಂಬ ರೋಗಕ್ಕೆ ಕಾರಣವಾಗುವ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ದೊಡ್ಡವರ ಕರುಳು ಅವನ್ನು ತಡೆದುಕೊಳ್ಳುತ್ತದೆ, ಎಳೆಗೂಸಿನ ಕರುಳಿಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ. ಕಾಯಿಲೆ ಅಪರೂಪದ್ದಾದರೂ ಅಪಾಯಕಾರಿ. ಆದುದರಿಂದಲೇ ಒಂದು ವರ್ಷದೊಳಗಿನ ಮಕ್ಕಳಿಗೆ ಜೇನು ಕೊಡಬಾರದೆಂದು ವೈದ್ಯರು ಹೇಳುತ್ತಾರೆ. ಆದರೆ ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಮುಟ್ಟಿಸುವ ರೂಢಿ ನಮ್ಮಲ್ಲಿ ಜಾತಿ ಧರ್ಮಗಳ ಭೇದವಿಲ್ಲದೆ ಅನೇಕ ಮನೆಗಳಲ್ಲಿದೆ. ಜೇನಿನಲ್ಲಿ ಮನುಷ್ಯರಿಗೆ ಉಪಶಮನವಿದೆ ಎಂದು ಕುರ್‌ಆನ್ ಹೇಳುತ್ತದೆ ಎಂಬುದನ್ನೂ ನಾವು ಬಲ್ಲೆವು. ಔಷಧಿಯಾದದ್ದು ಎಲ್ಲರಿಗೂ, ಎಲ್ಲ ಕಾಲಕ್ಕೂ ಔಷಧಿಯಲ್ಲ ಎಂಬುದನ್ನು ಮಾತ್ರ ಮರೆಯುತ್ತೇವೆ.

ಆ ಸಂಜೆಯಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು. ಬೋರ್ಡಿನಲ್ಲಿ ಬರೆದಿದ್ದ ಪ್ರತಿಯೊಂದು ಪದವೂ ಸತ್ಯವಾಗಿತ್ತು. ಗಿರಾಕಿ ಕೇಳಿದ್ದೂ ಅದನ್ನೇ. ಕೊಟ್ಟು ಹಣ ಪಡೆದಿದ್ದರೆ ಸುಳ್ಳು ಹೇಳಿದಂತಾಗುತ್ತಿರಲಿಲ್ಲ. ಹಾಗಿದ್ದೂ ಅದು ತಪ್ಪಾಗುತ್ತಿತ್ತೇ? ಮಾರುವವನು ಕೊಳ್ಳುವವನಿಗೆ ಕೊಡಬೇಕಾದದ್ದು ಕೇಳಿದ ವಸ್ತುವನ್ನು ಮಾತ್ರವೇ, ಅಥವಾ ಕೇಳದ ಮಾತನ್ನೂ ಹೇಳಬೇಕೇ?

ಮಗನ ಮಾತಿನಲ್ಲೂ ಹುರುಳಿದೆ

ಮಗನನ್ನು ದುರಾಸೆಯವನೆಂದು ತೀರ್ಮಾನಿಸುವುದು ಸುಲಭ. ಆದರೆ ಅದು ನ್ಯಾಯವಲ್ಲ. ಕೊಡ್ಲಿಪೇಟೆ ಕೊಡಗಿನ ಉತ್ತರದ ತುದಿಯಲ್ಲಿರುವ, ಸೋಮವಾರಪೇಟೆ ತಾಲೂಕಿನ ಸಣ್ಣ ಪೇಟೆ. ಹಾಸನ ಜಿಲ್ಲೆಯ ಗಡಿ ಪಕ್ಕದಲ್ಲೇ ಇದೆ. ಮಡಿಕೇರಿಗಿಂತ ಸಕಲೇಶಪುರವೇ ಹತ್ತಿರ. ಕೊಡಗಿಗೆ ಬರುವ ಪ್ರವಾಸಿಗರು ರಾಜಾಸೀಟು, ಅಬ್ಬಿ ಜಲಪಾತ, ದುಬಾರೆ ನೋಡಿಕೊಂಡು ಹೋಗುತ್ತಾರೆ. ಈ ಕಡೆ ಬರುವವರು ಕಡಿಮೆ. ಊರಿನವರಿಗೆ ಜೇನನ್ನು ಅಂಗಡಿಯಿಂದ ಕೊಳ್ಳುವ ಅಗತ್ಯ ಅಷ್ಟಾಗಿ ಇಲ್ಲ. ಹಾಗಾಗಿ ಇಂತಹ ಅಂಗಡಿ ಬದುಕಬೇಕಾದರೆ ದೂರದ ಗಿರಾಕಿ ಬೇಕು. ಮಗ ಬ್ಯಾಂಕಿನಿಂದ ಸಾಲ ಪಡೆದಿದ್ದಾನೆ. ಮೊಬೈಲಿನಲ್ಲಿ ಜೇನುಪೆಟ್ಟಿಗೆಯ ಚಿತ್ರ ಹಾಕುತ್ತಾನೆ, ಬೆಂಗಳೂರು ಮೈಸೂರುಗಳಿಗೆ ಕೊರಿಯರ್ ಮಾಡುತ್ತಾನೆ, ರಾತ್ರಿ ಹತ್ತು ಗಂಟೆಗೆ ಕರೆ ಬಂದರೂ ಬೇಸರಿಸದೆ ಉತ್ತರಿಸುತ್ತಾನೆ.

ಆ ದಿನಗಳಲ್ಲಿ ತಂದೆ ಮಕ್ಕಳ ನಡುವೆ ಬಾಟಲಿಯ ಚೀಟಿಯ ಬಗ್ಗೆ ವಾದ ನಡೆದಿತ್ತು. ಮಗ ಮೂರು ಮಾತುಗಳನ್ನು ಅಚ್ಚು ಹಾಕಿಸಬೇಕೆಂದಿದ್ದ: 'ಅಪ್ಪಟ ಕಾಡುಜೇನು', 'ಎಲ್ಲ ವಯಸ್ಸಿನವರಿಗೂ', 'ಸಕ್ಕರೆ ಕಾಯಿಲೆಯವರೂ ಬಳಸಬಹುದು'. ತಂದೆಗೆ ಮೂರೂ ಒಪ್ಪಿಗೆಯಿಲ್ಲ. ಅವರ ಜೇನು ಕಾಡಿನದ್ದಲ್ಲ. ಕಾಫಿ ತೋಟಗಳಲ್ಲಿ ಇಟ್ಟ ಪೆಟ್ಟಿಗೆಗಳ ತುಡುವೆ ಜೇನು. ಮಾರ್ಚ್ ಏಪ್ರಿಲ್‌ನ ಹೂಮಳೆ ಬಿದ್ದು ಕಾಫಿ ಹೂ ಬಿಟ್ಟ ಮೇಲೆ ತೆಗೆಯುವಂತಹದ್ದು. ಎಲ್ಲ ವಯಸ್ಸಿನವರಿಗೂ ಅದು ಆಗದು ಎಂಬುದನ್ನು ಮೇಲೆ ನೋಡಿದೆವು. ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಜೇನೂ ಸಕ್ಕರೆಯ ಮಟ್ಟವನ್ನು ಏರಿಸುತ್ತದೆ.

ಮಗನ ಉತ್ತರ ಒಂದೇ: "ನಾವು ಬರೆಯದಿದ್ದರೆ ಪಕ್ಕದವರು ಬರೆಯುತ್ತಾರೆ. ಗಿರಾಕಿ ಅವರದ್ದನ್ನೇ ಕೊಳ್ಳುತ್ತಾನೆ. ಆಗ ನಿಮ್ಮ ಸತ್ಯ ಯಾರ ಹೊಟ್ಟೆ ತುಂಬಿಸುತ್ತದೆ?"

ಇದು ಒಬ್ಬ ಮಗನ ಪ್ರಶ್ನೆ ಮಾತ್ರವಲ್ಲ. ಮಲೆನಾಡಿನ ಕಾಫಿಪುಡಿ ಅಂಗಡಿಯಿಂದ ಕರಾವಳಿಯ ಬಟ್ಟೆ ಅಂಗಡಿಯವರೆಗೆ ಸಣ್ಣ ಬಂಡವಾಳ ಹಾಕಿ ದೊಡ್ಡವರೆದುರು ನಿಂತ ಪ್ರತಿಯೊಬ್ಬನ ಪ್ರಶ್ನೆ. 'ಸತ್ಯ ಹೇಳಿ, ದೇವರು ನೋಡಿಕೊಳ್ಳುತ್ತಾನೆ' ಎಂದು ಉಪದೇಶಿಸಿ ಎದ್ದು ಹೋಗುವುದು ಅದಕ್ಕೆ ಉತ್ತರವಾಗದು.

ಸಂತೆಯಿಂದ ಜಾಹೀರಾತಿಗೆ

ಕೊಡ್ಲಿಪೇಟೆಯ ಸುತ್ತಮುತ್ತಲಿನ ಊರುಗಳ ಹೆಸರನ್ನೇ ನೋಡಿ. ಶನಿವಾರಸಂತೆ, ಸೋಮವಾರಪೇಟೆ- ಹೆಸರಿನಲ್ಲೇ ವಾರದ ದಿನ ಸೇರಿಕೊಂಡಿದೆ. ಸಂತೆಯಲ್ಲಿ ಮಾರುವವನೂ ಕೊಳ್ಳುವವನೂ ಮುಂದಿನ ವಾರ ಮತ್ತೆ ಮುಖಾಮುಖಿಯಾಗಲೇಬೇಕು. ಹುಳ ಹಿಡಿದ ಅವರೆಕಾಳು ಕೊಟ್ಟವನ ಎದುರು ಮುಂದಿನ ಸಂತೆಯಲ್ಲಿ ಅದೇ ಹೆಂಗಸು ಬಂದು ನಿಲ್ಲುತ್ತಾಳೆ, ನಾಲ್ಕು ಜನರ ಮುಂದೆ ಕೇಳುತ್ತಾಳೆ. ಸಂತೆಯಲ್ಲಿ ಮೋಸ ಇರಲಿಲ್ಲವೆಂದಲ್ಲ. ತೂಕದಲ್ಲಿ ಕಡಿತ ಮಾಡುವವರ ಕುರಿತು ಕುರ್‌ಆನಿನಲ್ಲಿ 'ಅಲ್ ಮುತಫ್ಫಿಫೀನ್' ಎಂಬ ಅಧ್ಯಾಯವೇ ಇದೆ ಎಂದ ಮೇಲೆ ಆ ರೋಗ ಎಷ್ಟು ಹಳೆಯದೆಂದು ತಿಳಿಯಬಹುದು. ಆದರೆ ಸಂತೆಯ ಮೋಸಕ್ಕೆ ಒಂದು ಮಿತಿಯಿತ್ತು. ಮತ್ತೆ ನೋಡಬೇಕಾದ ಮುಖವೇ ಆ ಮಿತಿ.

ಜಾಹೀರಾತು ಮಾತಾಡುವುದು ಮುಖವಿಲ್ಲದವರೊಂದಿಗೆ. ಹೆದ್ದಾರಿಯ ಬದಿಯಲ್ಲಿ ಬೋರ್ಡು ನೋಡಿ ಕಾರು ನಿಲ್ಲಿಸಿದವನು ಮತ್ತೆ ಬರುವುದು ಅನುಮಾನ. ಮೊಬೈಲಿನಲ್ಲಿ ಚಿತ್ರ ನೋಡಿ ಹಣ ಕಳಿಸಿದವನಂತೂ ಅಂಗಡಿಯನ್ನೇ ಕಂಡಿಲ್ಲ. ಅವನು ಮುಟ್ಟಿ ನೋಡಲಾರ, ಪಕ್ಕದ ಮನೆಯವರನ್ನು ಕೇಳಲಾರ. ಅವನಿಗಿರುವ ಆಧಾರ ಒಂದೇ, ಮಾರುವವನ ಮಾತು. ಎದುರಿನವನಿಗೆ ಪರೀಕ್ಷಿಸುವ ಶಕ್ತಿ ಕಡಿಮೆಯಾದಷ್ಟೂ ಮಾತನಾಡುವವನ ಹೊಣೆ ಹೆಚ್ಚುತ್ತದೆ. ನಡೆಯುತ್ತಿರುವುದು ಮಾತ್ರ ಇದಕ್ಕೆ ವಿರುದ್ಧ. ಪರೀಕ್ಷಿಸಲಾರ ಎಂಬ ಧೈರ್ಯದ ಮೇಲೆಯೇ ಎಷ್ಟೋ ಜಾಹೀರಾತುಗಳು ನಿಂತಿವೆ.

2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರಾಂಡುಗಳ ಜೇನನ್ನು ಪರೀಕ್ಷೆಗೆ ಒಳಪಡಿಸಿ, ಶೇ. 77ರಷ್ಟು ಮಾದರಿಗಳಲ್ಲಿ ಸಕ್ಕರೆ ಪಾಕದ ಕಲಬೆರಕೆ ಇದೆ ಎಂದು ಪ್ರಕಟಿಸಿತು. 22 ಮಾದರಿಗಳಲ್ಲಿ ಎಲ್ಲ ಪರೀಕ್ಷೆಗಳಲ್ಲೂ ತೇರ್ಗಡೆಯಾದದ್ದು ಐದು ಮಾತ್ರ. ದೊಡ್ಡ ಕಂಪೆನಿಗಳು ಇದನ್ನು ಅಲ್ಲಗಳೆದವು. ಕೊಡಗಿನ ಕರಿಮೆಣಸಿನ ಕಥೆಯೂ ನೆನಪಿರಬಹುದು. 2017ರಲ್ಲಿ ವಿಯೆಟ್ನಾಂನ ಅಗ್ಗದ ಮೆಣಸನ್ನು ತಂದು ಇಲ್ಲಿನ ಮೆಣಸಿನೊಂದಿಗೆ ಬೆರೆಸಲಾಗುತ್ತಿದೆ ಎಂಬ ಆರೋಪ ಗೋಣಿಕೊಪ್ಪದ ಎಪಿಎಂಸಿ ಮಾರುಕಟ್ಟೆಯ ಸುತ್ತ ಎದ್ದಿತು, ಬೆಳೆಗಾರರು ಪ್ರತಿಭಟಿಸಿದರು. ಅದೇ ವರ್ಷ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಆಮದು ಮೆಣಸಿಗೆ ಕಿಲೋಗೆ 500 ರೂ. ಕನಿಷ್ಠ ಬೆಲೆ ಗೊತ್ತುಪಡಿಸಿತು.

ಇಲ್ಲಿ ಇನ್ನೊಂದು ವಿಷಯವಿದೆ. 'ಕೊಡಗು' ಎಂಬ ಹೆಸರು ಯಾವೊಬ್ಬ ವ್ಯಾಪಾರಿಯದೂ ಅಲ್ಲ. ಅದನ್ನು ಗಳಿಸಿಕೊಟ್ಟವರು ತಲೆಮಾರುಗಳ ರೈತರು, ಕೂಲಿಯವರು, ಜೇನು ಸಾಕಿದವರು. ವಿರಾಜಪೇಟೆ, ಭಾಗಮಂಡಲಗಳ ಜೇನು ಸಹಕಾರ ಸಂಘಗಳು ಆ ಹೆಸರನ್ನು ನಾಡಿನಲ್ಲೆಲ್ಲ ಹರಡಿದವು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣ ಭಾರತದಲ್ಲಿ ತುಡುವೆ ಜೇನಿನ ಕುಟುಂಬಗಳು ರಾಶಿ ರಾಶಿಯಾಗಿ ನಾಶವಾದವು. ಪೆಟ್ಟಿಗೆಗಳು ಬರಿದಾದವು, ಆದರೆ ಹೆಸರಿನ ಬೇಡಿಕೆ ಬರಿದಾಗಲಿಲ್ಲ. ಸರಕಿಲ್ಲದೆ ಹೆಸರು ಮಾತ್ರ ಉಳಿದಾಗಲೇ ಮಾರುವವನ ನಿಜವಾದ ಪರೀಕ್ಷೆ. ಸುಳ್ಳು ಚೀಟಿ ಅಂಟಿಸಿದವನು ಒಬ್ಬ ಗಿರಾಕಿಗೆ ಮೋಸ ಮಾಡುವುದರ ಜೊತೆಗೆ, ತನ್ನದಲ್ಲದ ಗಂಟನ್ನು ಖರ್ಚು ಮಾಡುತ್ತಾನೆ.

ರಾಶಿಯ ಒಳಗಿನ ಒದ್ದೆ

ಪ್ರವಾದಿ ಮುಹಮ್ಮದ್(ಸ)ರು ಮದೀನಾದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದಕ್ಕೆ ಕೈ ಹಾಕಿದ ಪ್ರಸಂಗ ಓದುಗರಿಗೆ ಗೊತ್ತಿರಬಹುದು. ಸಹೀಹ್ ಮುಸ್ಲಿಮ್‌ನಲ್ಲಿ ಅದು ವರದಿಯಾಗಿದೆ. ಮೇಲೆ ಧಾನ್ಯ ಒಣಗಿತ್ತು, ಒಳಗೆ ಒದ್ದೆಯಾಗಿತ್ತು. ಮಳೆಯಿಂದ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಿದ್ದರೆ ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂಬುದು ಪ್ರವಾದಿ(ಸ)ರ ಪ್ರಶ್ನೆಯಾಗಿತ್ತು. ವಂಚಿಸುವವನು ತಮ್ಮವನಲ್ಲವೆಂದು ಅವರು ಎಚ್ಚರಿಸಿದರು.

ಗಮನಿಸಬೇಕಾದದ್ದು, ಆ ವ್ಯಾಪಾರಿ ಬಾಯಿಬಿಟ್ಟು ಸುಳ್ಳು ಹೇಳಿರಲಿಲ್ಲ. ಮಳೆ ಬಂದದ್ದು ಅವನ ತಪ್ಪಾಗಿರಲಿಲ್ಲ. ನೆನೆದ ಧಾನ್ಯ ಮಾರಲೇಬಾರದೆಂದೂ ಅವನಿಗೆ ಯಾರೂ ಹೇಳಲಿಲ್ಲ. ಅವನ ತಪ್ಪಿದ್ದದ್ದು ಜೋಡಣೆಯಲ್ಲಿ. ಯಾವುದು ಕಾಣಬೇಕು, ಯಾವುದು ಕಾಣಬಾರದು ಎಂದು ಅವನು ನಿರ್ಧರಿಸಿದ. ಇಂದಿನ ಜಾಹೀರಾತಿನ ಕಸುಬು ಬಹುಪಾಲು ಇದೇ ಅಲ್ಲವೇ? ದೊಡ್ಡ ಅಕ್ಷರದಲ್ಲಿ ರಿಯಾಯಿತಿ, ಕಣ್ಣಿಗೆ ಕಾಣದ ಅಕ್ಷರದಲ್ಲಿ ಷರತ್ತು. ನಮ್ಮ ಕಾನೂನೂ ಇದನ್ನು ಗುರುತಿಸಿದೆ. 1986ರ ಕಾಯ್ದೆಯ ಬದಲಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಮಹತ್ವದ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವ ಜಾಹೀರಾತು ಕೂಡ ದಾರಿ ತಪ್ಪಿಸುವ ಜಾಹೀರಾತೇ.

ಇಮಾಮ್ ಗಝಾಲಿ(ರ) 1111ರಲ್ಲಿ ನಿಧನರಾದವರು. ಜಾಹೀರಾತು ಎಂಬ ಉದ್ಯಮವನ್ನು ಕಂಡವರಲ್ಲ. ಆದರೆ 'ಇಹ್ಯಾ ಉಲೂಮಿದ್ದೀನ್' ಗ್ರಂಥದಲ್ಲಿ ಸಂಪಾದನೆಯ ಕುರಿತು ಬರೆಯುತ್ತಾ ಅವರು ಕೊಡುವ ಅಳತೆಗೋಲು ಇಂದಿಗೂ ಹೊಂದುತ್ತದೆ. ಅವರ ಮಾತಿನ ಸಾರಾಂಶ ಹೀಗಿದೆ. ಸರಕಿನಲ್ಲಿ ಇಲ್ಲದ ಗುಣವನ್ನು ಹೊಗಳಿದರೆ ಅದು ಸುಳ್ಳು. ಇರುವ ಗುಣವೇ ಆದರೂ ಕೊಳ್ಳುವವನಿಗೆ ಅದು ಮೊದಲೇ ಗೊತ್ತಿದ್ದರೆ ಹೊಗಳಿಕೆ ವ್ಯರ್ಥ ಮಾತು. ಹೇಳದಿದ್ದರೆ ಅವನಿಗೆ ತಿಳಿಯಲು ಸಾಧ್ಯವೇ ಇಲ್ಲದ ಗುಣವಿದ್ದರೆ ಉತ್ಪ್ರೇಕ್ಷೆಯಿಲ್ಲದೆ ಅದನ್ನು ಹೇಳಬಹುದು. ದೋಷವನ್ನಂತೂ ಮುಚ್ಚಿಡಬಾರದು.

ಅಂದರೆ ಧರ್ಮ ಪ್ರಚಾರವನ್ನು ನಿಷೇಧಿಸುವುದಿಲ್ಲ. 'ಇದು ಕಾಫಿ ಹೂವಿನ ಜೇನು, ಇಂತಹ ತಿಂಗಳಲ್ಲಿ ತೆಗೆದದ್ದು, ಇಂತಹ ಊರಿನದ್ದು' ಎಂದು ಹೇಳಲು ಕೊಡ್ಲಿಪೇಟೆಯ ಮಗನಿಗೆ ಪೂರ್ಣ ಹಕ್ಕಿದೆ. ಬೆಂಗಳೂರಿನಲ್ಲಿರುವವನಿಗೆ ಬೇರೆ ದಾರಿಯಿಂದ ಅದು ತಿಳಿಯದು. ತಿಳಿಸುವುದು ಉಪಕಾರವೇ.

ಅದೇ ಗ್ರಂಥದಲ್ಲಿ ಸಹಾಬಿ ವಾಸಿಲಾ(ರ)ರ ಪ್ರಸಂಗವೊಂದಿದೆ. ಒಬ್ಬ ತನ್ನ ಒಂಟೆಯನ್ನು 300 ದಿರ್ಹಮ್‌ಗೆ ಮಾರಿದ. ಅಲ್ಲೇ ನಿಂತಿದ್ದ ವಾಸಿಲಾರ ಗಮನ ಬೇರೆ ಕಡೆಯಿತ್ತು. ಕೊಂಡವನು ಒಂಟೆಯೊಂದಿಗೆ ಹೊರಟ ಮೇಲೆ ಅವರು ಹಿಂದೆ ಓಡಿ ಕೂಗಿ ಕೇಳಿದರು, ಇದನ್ನು ಕೊಂಡದ್ದು ಮಾಂಸಕ್ಕೋ ಸವಾರಿಗೋ ಎಂದು. ಸವಾರಿಗೆ ಎಂದಾಗ, ಅದರ ಪಾದದಲ್ಲಿ ತೂತಿರುವುದನ್ನು ತಾನು ನೋಡಿದ್ದೇನೆ, ದೂರದ ಪಯಣಕ್ಕೆ ಅದು ಆಗದು ಎಂದರು. ಕೊಂಡವನು ಹಿಂದೆ ಬಂದ, ಮಾರಿದವನು 100 ದಿರ್ಹಮ್ ಇಳಿಸಬೇಕಾಯಿತು. ನನ್ನ ವ್ಯಾಪಾರ ಕೆಡಿಸಿದಿರಲ್ಲ ಎಂದು ಅವನು ನೊಂದುಕೊಂಡ. ವಾಸಿಲಾರಿಗೆ ಇದರಲ್ಲಿ ಲಾಭವೂ ಇರಲಿಲ್ಲ, ನಷ್ಟವೂ ಇರಲಿಲ್ಲ. ನೋಡಿದವನು ಹೇಳಬೇಕು ಎಂಬುದಷ್ಟೇ ಅವರಿಗಿದ್ದ ಕಾರಣ.

ಗ್ರಾಹಕ ಸೇವೆಯ ಬಗ್ಗೆ ಇಂದು ಎಷ್ಟೋ ತರಬೇತಿಗಳು ನಡೆಯುತ್ತವೆ. ನಗುತ್ತಾ ಮಾತಾಡಬೇಕು, ಗಿರಾಕಿಯ ಹೆಸರು ಹಿಡಿದು ಕರೆಯಬೇಕು ಎಂದೆಲ್ಲ ಹೇಳಿಕೊಡುತ್ತಾರೆ. ಒಳ್ಳೆಯದೇ. ಆದರೆ 'ಮಾಂಸಕ್ಕೋ ಸವಾರಿಗೋ' ಎಂಬ ಒಂದು ಪ್ರಶ್ನೆಯಲ್ಲಿ ಆ ಸೇವೆಯ ತಿರುಳೆಲ್ಲ ಇದೆ. ವಸ್ತು ಒಂದೇ, ಅದರ ಉಪಯೋಗ ಬೇರೆ. ಉಪಯೋಗ ತಿಳಿದರೆ ಮಾತ್ರ ದೋಷ ಯಾವುದೆಂದು ತಿಳಿಯುತ್ತದೆ. ಮಾಂಸಕ್ಕಾದರೆ ಪಾದದ ತೂತು ದೋಷವೇ ಅಲ್ಲ. ಜೇನು ಯಾರಿಗೆ ಎಂದು ಕೇಳಿದ ಹಿರಿಯರು ಮಾಡಿದ್ದೂ ಇದನ್ನೇ.

ಗಿರಾಕಿಯೂ ಪೂರ್ತಿ ನಿರಪರಾಧಿಯಲ್ಲ

ಮಾರುವವನನ್ನೇ ದೂರುತ್ತಾ ಕುಳಿತರೆ ನಾವು ಅರ್ಧ ಸತ್ಯ ಹೇಳಿದಂತಾಗುತ್ತದೆ. ಒಳ್ಳೆಯ ಜೇನು ತಂಪು ಹವೆಯಲ್ಲಿ ಹರಳುಗಟ್ಟುವುದುಂಟು, ಅದು ಸಹಜ. ಆದರೆ ಬಾಟಲಿಯ ಅಡಿಯಲ್ಲಿ ಹರಳು ಕಂಡೊಡನೆ 'ಸಕ್ಕರೆ ಬೆರೆಸಿದ್ದಾರೆ' ಎಂದು ನಾವು ಹಿಂದಿರುಗಿಸುತ್ತೇವೆ. ನೀರಿಗೆ ಒಂದು ಹನಿ ಹಾಕಿ, ಬೆಂಕಿಕಡ್ಡಿ ಅದ್ದಿ ಗೀರಿ, ಇರುವೆ ಬರುತ್ತದೆಯೇ ಎಂದು ನೋಡಿ ತೀರ್ಪು ಕೊಡುತ್ತೇವೆ. ಈ ಮನೆಪರೀಕ್ಷೆಗಳನ್ನು ನಂಬುವಂತಿಲ್ಲ. ಮಳೆಗಾಲದ ತುಡುವೆ ಜೇನಿನಲ್ಲಿ ನೀರಿನಂಶ ಹೆಚ್ಚಿದ್ದು ಬೇಗ ಹುಳಿಯಬಹುದು ಎಂದು ಹೇಳಿದವನನ್ನು ಬಿಟ್ಟು, ಎಂದೂ ಕೆಡದ ಹೊಳೆಯುವ ಬಾಟಲಿಯ ಕಡೆಗೆ ಹೋಗುತ್ತೇವೆ. ಅರ್ಧ ಬೆಲೆಗೆ ಅಪ್ಪಟ ಕಾಡುಜೇನು ಸಿಗುತ್ತದೆಂದು ನಂಬಲು ನಮಗೂ ಆಸೆ. ಸುಳ್ಳಿಗೆ ಬಹುಮಾನ ಕೊಟ್ಟು ಸತ್ಯಕ್ಕೆ ದಂಡ ಹಾಕುವ ಗಿರಾಕಿ ಮೋಸಗಾರನ ಪಾಲುದಾರನೇ.

ಅನೇಕ ಅಂಗಡಿಗಳಲ್ಲಿ, ಬ್ಯಾಂಕುಗಳಲ್ಲಿ ಗಾಂಧೀಜಿಯ ಹೆಸರಿನ ಒಂದು ಫಲಕ ತೂಗುತ್ತಿರುತ್ತದೆ. ನಮ್ಮ ಸ್ಥಳಕ್ಕೆ ಬರುವವರಲ್ಲಿ ಗ್ರಾಹಕನೇ ಅತಿ ಮುಖ್ಯನಾದವನು ಎಂಬ ಅರ್ಥದ್ದು. ಕೆಲವೆಡೆ 1890ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಮಾಡಿದ ಭಾಷಣದ್ದೆಂದೂ ಬರೆದಿರುತ್ತಾರೆ. ಆದರೆ 1890ರಲ್ಲಿ ಗಾಂಧೀಜಿ ಲಂಡನಿನಲ್ಲಿ ಕಾನೂನು ಓದುತ್ತಿದ್ದರು. ದಕ್ಷಿಣ ಆಫ್ರಿಕಾಕ್ಕೆ ಹೋದದ್ದು 1893ರಲ್ಲಿ. ಗ್ರಾಹಕನಿಗೆ ಗೌರವ ಕೊಡಬೇಕೆನ್ನುವ ಫಲಕವೇ ಗ್ರಾಹಕನಿಗೆ ಸತ್ಯ ಹೇಳುತ್ತಿಲ್ಲ! ಒಳ್ಳೆಯ ಮಾತನ್ನು ಹೇಳಲೂ ದೊಡ್ಡ ಹೆಸರಿನ ಚೀಟಿ ಬೇಕೆನಿಸುವಷ್ಟು ಜಾಹೀರಾತು ನಮ್ಮ ರಕ್ತದಲ್ಲಿ ಇಳಿದಿದೆ. ಗಿರಾಕಿಯನ್ನು ದೊರೆ, ದೇವರು ಎಂದೆಲ್ಲ ಕರೆಯುವ ಅಗತ್ಯವಿಲ್ಲ. ಮನುಷ್ಯ ಎಂದು ತಿಳಿದರೆ ಸಾಕು.

ಲಾಭ ತರದ ಸತ್ಯ

ಈಗ ಮಗನ ಪ್ರಶ್ನೆಗೆ ಬರೋಣ. ಪ್ರಾಮಾಣಿಕತೆಯೇ ಒಳ್ಳೆಯ ವ್ಯಾಪಾರ, ಅದರಿಂದ ಗಿರಾಕಿಗಳು ಹೆಚ್ಚುತ್ತಾರೆ ಎಂದು ಬಹಳ ಮಂದಿ ಸಮಾಧಾನ ಹೇಳುತ್ತಾರೆ. ಕೆಲವೊಮ್ಮೆ ಅದು ನಿಜ. ಆದರೆ ಇದನ್ನೇ ಕಾರಣವಾಗಿ ಕೊಡುವುದು ಅಪಾಯ. ಲಾಭಕ್ಕಾಗಿ ಸತ್ಯ ಹೇಳುವವನು ಲಾಭ ನಿಂತ ದಿನ ಸತ್ಯವನ್ನೂ ನಿಲ್ಲಿಸುತ್ತಾನೆ. ಆಗ ಪ್ರಾಮಾಣಿಕತೆಯೂ ಚೀಟಿಯ ಮೇಲಿನ ಇನ್ನೊಂದು ಬಣ್ಣವಾಗುತ್ತದೆ. ವಾಸಿಲಾರ ಪ್ರಸಂಗದಲ್ಲಿ ಮಾರಿದವನಿಗೆ 100 ದಿರ್ಹಮ್ ನಷ್ಟವೇ ಆಯಿತು, ಅದು ಮರಳಿ ಬಂತೆಂದು ಕಥೆ ಹೇಳುವುದಿಲ್ಲ. ಸತ್ಯ ಹೇಳಬೇಕಾದದ್ದು ಅದು ಎದುರಿನವನ ಹಕ್ಕು ಎಂಬ ಕಾರಣಕ್ಕೆ.

ಹಾಗೆಂದು ಸಣ್ಣ ವ್ಯಾಪಾರಿಯ ಮೇಲೆ ಹೊರಲಾರದ ಹೊರೆ ಹೊರಿಸಬೇಕಿಲ್ಲ. ನನಗೆ ತೋಚುವಂತೆ ಇದರಲ್ಲಿ ಮೂರು ಮೆಟ್ಟಿಲುಗಳಿವೆ. ಯಾವುದರಿಂದ ಕೊಳ್ಳುವವನ ಜೀವಕ್ಕೆ, ಆರೋಗ್ಯಕ್ಕೆ ಹಾನಿಯಾದೀತೋ ಅದನ್ನು ಕೇಳದಿದ್ದರೂ ಹೇಳಲೇಬೇಕು, ಮಾರಾಟ ತಪ್ಪಿದರೂ ಹೇಳಬೇಕು. ಯಾವುದರಿಂದ ಸರಕಿನ ಬೆಲೆ ಕುಗ್ಗುತ್ತದೋ ಅದನ್ನೂ ಮುಚ್ಚಿಡುವಂತಿಲ್ಲ. ಕಾಫಿಪುಡಿಗೆ ಚಿಕೋರಿ ಬೆರೆಸಿದ್ದರೆ ಎಷ್ಟೆಂದು ಪೊಟ್ಟಣದ ಮೇಲೆ ಬರೆಯಬೇಕೆಂಬ ನಿಯಮವಿರುವುದು ಇದಕ್ಕೇ. ಇನ್ನು ಉಳಿದದ್ದು ರುಚಿ, ಇಷ್ಟಾನಿಷ್ಟಗಳ ಮಾತು. ಪಕ್ಕದ ಅಂಗಡಿಯ ಜೇನು ಇದಕ್ಕಿಂತ ಸಿಹಿ ಎಂದು ತಾನಾಗಿ ಹೇಳುವ ಹಂಗು ಯಾರಿಗೂ ಇಲ್ಲ, ಕೇಳಿದಾಗ ಸುಳ್ಳು ಹೇಳದಿದ್ದರೆ ಸಾಕು. ಮಗ ಅಂಜುತ್ತಿದ್ದದ್ದು ಮೂರನೆಯ ಮೆಟ್ಟಿಲಿನ ನಷ್ಟಕ್ಕೆ, ತಂದೆ ಕಾಯುತ್ತಿದ್ದದ್ದು ಮೊದಲ ಮೆಟ್ಟಿಲನ್ನು. ಇಬ್ಬರ ನಡುವೆ ಅವರು ಅಂದುಕೊಂಡಷ್ಟು ಅಂತರವಿರಲಿಲ್ಲ.

ಕೊನೆಗೆ ಚೀಟಿ ಅಚ್ಚಾಯಿತು. 'ಕೊಡ್ಲಿಪೇಟೆ ಸುತ್ತಲಿನ ಕಾಫಿ ತೋಟಗಳ ಪೆಟ್ಟಿಗೆ ಜೇನು' ಎಂದು ಮೇಲೆ. ತೆಗೆದ ತಿಂಗಳು ಅದರ ಕೆಳಗೆ. ಹರಳುಗಟ್ಟಿದರೆ ಬಾಟಲಿಯನ್ನು ಬಿಸಿನೀರಿನಲ್ಲಿಡಿ ಎಂದು ಒಂದು ಸಾಲು. 'ಒಂದು ವರ್ಷದೊಳಗಿನ ಮಕ್ಕಳಿಗೆ ಕೊಡಬೇಡಿ' ಎಂಬುದನ್ನು ಮಗನೇ ಸೇರಿಸಿದ. ತಂದೆ ಸಣ್ಣ ಅಕ್ಷರ ಸಾಕೆಂದರೂ ಅವನು ದೊಡ್ಡದನ್ನೇ ಹಾಕಿಸಿದ. ಅವನಿಗೂ ಆಗ ಮನೆಯಲ್ಲಿ ಐದು ತಿಂಗಳ ಮಗುವಿತ್ತು.

ಬೈಕಿನಲ್ಲಿ ಬಂದ ಆ ಯುವಕ ಮಗುವಿಗೆ ವರ್ಷ ತುಂಬಿದ ಮೇಲೆ ಮತ್ತೆ ಬಂದು ಎರಡು ಬಾಟಲಿ ಕೊಂಡ ಎಂದು ಬರೆದರೆ ಈ ಲೇಖನಕ್ಕೆ ಒಳ್ಳೆಯ ಮುಕ್ತಾಯ ಸಿಗುತ್ತಿತ್ತು. ಆದರೆ ಆತ ಮತ್ತೆ ಬಂದದ್ದನ್ನು ನಾನು ನೋಡಿಲ್ಲ, ಹಿರಿಯರೂ ನೋಡಿಲ್ಲ. ಹೊಸ ಚೀಟಿಯಿಂದ ವ್ಯಾಪಾರ ಏರಿತೇ ಎಂದು ಕೇಳಿದೆ. "ಏರಿದ ಹಾಗೇನೂ ಕಾಣಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ರಾತ್ರಿ ಅಂಗಡಿ ಬಾಗಿಲು ಹಾಕುವಾಗ ಯಾರ ಮನೆಯ ಮಗುವಿನ ಯೋಚನೆಯೂ ಬರಲ್ಲ" ಎಂದರು.